ಕಟಕಟೆಯಲ್ಲಿ ನಾನು, ಕರೀ ಕೋಟಿನಲ್ಲಿ ಮೊಮ್ಮಗಳು

ಹೋದ ತಿಂಗಳು ಹರಪನಹಳ್ಳಿ ಕೋರ್ಟಿನಲ್ಲಿ, ಅಷ್ಟು ಜನರ ಎದುರು, ನನ್ನ ಮೊಮ್ಮಗಳು ನನ್ನ ಮಾನ ಕಳೆದಳು. ಮಾರನೆಯ ದಿನ ನಾನು ಓಣಿಗೆಲ್ಲ ಹೋಳಿಗೆ ಹಂಚಿದೆ.

ಮುದುಕಿಗೆ ತಲೆ ಕೆಟ್ಟಿದೆ ಎಂದಿರಾ? ಪೂರ್ತಿ ಕೇಳಿ, ಆಮೇಲೆ ಅನ್ನಿ.

ಮೊಮ್ಮಗಳು ಗಿರಿಜಾ ಲಾ ಓದಿ ವಕೀಲಳಾಗಿ ಒಂದು ವರ್ಷ. ಆ ವರ್ಷವಿಡೀ ಅವಳು ಕೋರ್ಟಿನಲ್ಲಿ ಆಡಿದ್ದು ಒಂದೇ ಮಾತು. "ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ವಾಯಿದೆ ಕೊಡಬೇಕು ಸ್ವಾಮಿ." ಚಿಗಟೇರಿಯಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸೀನಿಯರ್ ಫೈಲು ಹೊರುವುದು, ಈ ಮಾತು ಒಪ್ಪಿಸಿ ಕೇಸನ್ನು ಇನ್ನೊಂದು ದಿನಕ್ಕೆ ಹಾಕಿಸುವುದು, ಸಂಜೆ ಬಸ್ಸಿಗೆ ವಾಪಸ್.

"ಗಿಣಿ ಸೈತ ಎರಡು ಮಾತು ಕಲೀತೈತಲ್ಲಲೇ" ಎಂದೆ ಒಂದು ದಿನ.

"ಗಿಣಿಗೆ ಸೀನಿಯರ್ ಇರಂಗಿಲ್ಲಜ್ಜಿ" ಎಂದಳು.

ಮನೆಯಲ್ಲಿ ಮಾತ್ರ ಮಾತಿಗೆ ಬರವಿರಲಿಲ್ಲ. ಕಾಲೇಜಿನಲ್ಲಿದ್ದಾಗ ವಾದಕ್ಕೆ ಕೂತರೆ, ಗೆದ್ದ ಮೇಲೂ ಬಾಯಿ ಮುಚ್ಚುತ್ತಿರಲಿಲ್ಲ. ಮಾತಾಡಿ ಮಾತಾಡಿ ಗೆದ್ದದ್ದನ್ನೂ ಸೋಲುತ್ತಿದ್ದಳು. ನಾನು ಮಜ್ಜಿಗೆ ಕಡೆಯುತ್ತಲೇ ಹೇಳಿದ್ದೆ: "ಬೆಣ್ಣಿ ಬಂದ ಮ್ಯಾಲೆ ಕಡಗೋಲು ಎತ್ತಿಡಬೇಕಲೇ. ಕಡೀತಾ ಹೋದ್ರ ಬಂದಿದ್ದೂ ಕರಗಿ ಹೊಕ್ಕೈತಿ."

(ಕೇಳಿಸಿಕೊಂಡಳೋ ಇಲ್ಲವೋ ಯಾರಿಗೆ ಗೊತ್ತು? ಓದಿದವರು ಕಿವಿಗೊಡುವುದು ಕಡಿಮೆ.)

ಇನ್ನು ನನ್ನ ಸುದ್ದಿ. ಊರಲ್ಲಿ ಒಬ್ಬರ ಟಗರು ಕಳುವಾಯಿತು. ಅವತ್ತು ಮುಸ್ಸಂಜೆ ನಾನು ಜಗಲಿಯಲ್ಲಿ ಕೂತಿದ್ದೆ. ಕಂಬಳಿ ಹೊದ್ದವನೊಬ್ಬ ಟಗರು ಹೊಡೆದುಕೊಂಡು ಕೆರೆ ಏರಿಯ ಮೇಲೆ ಹೋಗಿದ್ದು ಕಂಡಿತ್ತು. ಕುರಿ ಕಾಯುವ ನಿಂಗಪ್ಪನೇ ಇರಬೇಕು ಎಂದರು ಓಣಿಯವರು. ನಿಂಗಪ್ಪನೇ ಎಂದೆ ನಾನು. ಪೊಲೀಸರು ಬರೆದುಕೊಂಡರು. ಸಾಕ್ಷಿಯಾದೆ. ನಿಂಗಪ್ಪನ ವಕೀಲರು ಯಾರು ಅಂತೀರಿ? ಗಿರಿಜಾಳ ಸೀನಿಯರ್!

"ಕೇಸಿನ ಮಾತು ಮನ್ಯಾಗ ಬ್ಯಾಡಜ್ಜಿ" ಎಂದು ಗಿರಿಜಾ ಕಟ್ಟುನಿಟ್ಟು ಮಾಡಿದಳು. ಎರಡು ತಿಂಗಳು ನಾವಿಬ್ಬರೂ ರೊಟ್ಟಿ, ಪಲ್ಯ ಬಿಟ್ಟು ಬೇರೆ ಮಾತಾಡಲಿಲ್ಲ.

ಆ ದಿನ ಹಿರಿಯ ಮಗ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಠಣ್ಣನೆ ಉತ್ತರ ಕೊಟ್ಟೆ. ಆಮೇಲೆ ನಮ್ಮ ಗಿಣಿ ಎದ್ದು ನಿಂತಿತು. "ನಮ್ಮ ಸೀನಿಯರ್ ಬಳ್ಳಾರಿಯಲ್ಲಿದ್ದಾರೆ, ವಾಯಿದೆ..."

"ಎಷ್ಟು ವಾಯಿದೆ ಕೊಡೋದಮ್ಮಾ? ವಯಸ್ಸಾದವರು ಬಸ್ಸಿನಲ್ಲಿ ಬಂದಿದ್ದಾರೆ. ನೀವೇ ಕೇಳಿ" ಎಂದರು ಜಡ್ಜ್ ಸಾಹೇಬರು.

ಅವಳು ಫೈಲಿನ ಹಾಳೆ ಪಟಪಟ ತಿರುವುವುದು ಕಟಕಟೆಗೆ ಕೇಳುತ್ತಿತ್ತು. ಹಿಂದೆಲ್ಲೋ ನಿಂಗಪ್ಪನ ತಾಯಿ "ಉಚ್ಚಂಗೆವ್ವಾ, ಉಚ್ಚಂಗೆವ್ವಾ" ಎಂದು ದೇವಿಯನ್ನು ಕರೆಯುತ್ತಿದ್ದಳು. ಒಬ್ಬನೇ ಮಗ. ಒಳಗೆ ಹೋದರೆ ಕುರಿ ಯಾರು ಕಾಯಬೇಕು, ಅವಳನ್ನು ಯಾರು ನೋಡಬೇಕು?

"ಈ ಅಜ್ಜಿ ನಿಮಗೇನಾಗಬೇಕು?" ನನ್ನ ಹೇಳಿಕೆಯಲ್ಲಿ ಮನೆತನದ ಹೆಸರು ನೋಡಿ ಸಾಹೇಬರು ಕೇಳಿದರು.

"ಮನೆಯಲ್ಲಿ ಅಜ್ಜಿ, ಸ್ವಾಮಿ. ಇಲ್ಲಿ ಸಾಕ್ಷಿ."

ಹಾಳೆಯ ಸದ್ದು ನಿಂತಿತು. ನನ್ನ ಕಡೆ ತಿರುಗಿದಳು. "ಕೆರೆ ಏರಿ ನಿಮ್ಮ ಜಗಲಿಯಿಂದ ಎಷ್ಟು ದೂರ ಐತ್ರಿ?" (ನನಗೆ 'ರಿ' ಹಚ್ಚಿದಳು! ಹುಟ್ಟಿದಾಗಿನಿಂದ ಮೊದಲ ಸಲ.)

"ಜೋರಾಗಿ ಕೂಗಿದ್ರ ಕೇಳಬೇಕು, ಅಷ್ಟು."

"ಅಷ್ಟು ದೂರದಾಗ, ಮುಸ್ಸಂಜ್ಯಾಗ, ಮಾರಿ ಕಾಣ್ತೈತೇನ್ರಿ?"

"ಯಾಕ ಕಾಣಂಗಿಲ್ಲ? ನಂದು ಹದ್ದಿನ ಕಣ್ಣು!"

"ಹಂಗಾದ್ರ ಅಲ್ಲಿ ಬಾಗಲದಾಗ ನಿಂತಾರಲ್ಲ, ಅವರು ಯಾರು ಹೇಳ್ರಿ."

ತಿರುಗಿ ನೋಡಿದೆ. ಹತ್ತು ಹೆಜ್ಜೆ ದೂರ, ಮಟಮಟ ಮಧ್ಯಾಹ್ನ. ಆಳೆತ್ತರದ ಒಂದು ಕಪ್ಪು ಆಕಾರ. ನಡೆದಿದ್ದರೆ ನಡಿಗೆಯಲ್ಲಿ, ಮಾತಾಡಿದ್ದರೆ ದನಿಯಲ್ಲಿ ಗುರುತು ಹಿಡಿಯುತ್ತಿದ್ದೆ. ಮರದಂತೆ ನಿಂತಿತ್ತು.

"ಯಾವನೋ ಪೊಲೀಸಪ್ಪ. ಕೆಲಸ ಇಲ್ದ ನಿಂತಾನ."

"ಯವ್ವಾ, ನಾನಬೇ!" ಎಂದಿತು ಆಕಾರ.

ನನ್ನ ಹಿರಿಯ ಮಗ. ಗಿರಿಜಾಳ ಅಪ್ಪ. ನನ್ನನ್ನು ಬಸ್ಸಿಗೆ ಹತ್ತಿಸಿ ತಂದವನು!

ಕೋರ್ಟಿಗೆ ಕೋರ್ಟೇ ನಕ್ಕಿತು. ಜಡ್ಜ್ ಸಾಹೇಬರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರಂತೆ.

ಆದರೆ ನಾನೇನು ಸೋಲುವವಳೆ? ಬಾಗಿಲ ಹಿಂದೆ ಬಿಸಿಲಿತ್ತು, ಮುಖ ಕಪ್ಪಾಗಿತ್ತು ಎಂದು ಉತ್ತರ ಬಾಯಲ್ಲಿ ರೆಡಿ ಇಟ್ಟುಕೊಂಡಿದ್ದೆ. 'ನಿಮಗೆ ಕಣ್ಣು ಕಾಣಲ್ಲ, ಹೌದಲ್ಲ?' ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಪಾರಾಗುತ್ತಿದ್ದೆ.

ಕೇಳಲಿಲ್ಲ. "ಇಷ್ಟೇ, ಸ್ವಾಮಿ" ಎಂದು ಕೂತುಬಿಟ್ಟಳು.

ಕಡಗೋಲು ಎತ್ತಿಟ್ಟಳು ನೋಡಿ! ನಾನು ಬಾಯಿ ತೆರೆದವಳು ತೆರೆದಂತೆಯೇ ಕಟಕಟೆ ಇಳಿದೆ. ಹೋಳಿಗೆ ಸುಮ್ಮನೆ ಹಂಚಿದೆನೆ?

ಮುಂದಿನ ವಾಯಿದೆಗೆ ನಿಂಗಪ್ಪನ ಬಿಡುಗಡೆಯಾಯಿತು. ಟಗರು ಯಾರು ಕದ್ದರೋ, ಇವತ್ತಿಗೂ ಗೊತ್ತಿಲ್ಲ. ನಾನು ಬೇಕೆಂದು ಸುಳ್ಳು ಹೇಳಿರಲಿಲ್ಲ. ನನಗೆ ಕಂಡದ್ದು ಕಂಬಳಿ, ಹೆಸರು ಕೊಟ್ಟದ್ದು ಓಣಿ. ಎರಡನ್ನೂ ಕೂಡಿಸಿ ಒಬ್ಬಳ ಮಗನನ್ನು ಜೈಲಿಗೆ ಕಳಿಸುವವಳಿದ್ದೆ. ಜಗಲಿ ಮೇಲೆ ಕೂತು ನೀವೂ ದಿನಕ್ಕೆ ಎಷ್ಟು ಜನರನ್ನು ಹೀಗೇ 'ಕಂಡಿದ್ದೀರಿ', ಲೆಕ್ಕ ಹಾಕಿ.

ಮಗ ದಾವಣಗೆರೆಗೆ ಕರೆದೊಯ್ದು ಕನ್ನಡಕ ಹಾಕಿಸಿದ. ಮರುದಿನ ಬೆಳಿಗ್ಗೆ ಗಿರಿಜಾ ಬಸ್ಸಿಗೆ ಹೊರಟಳು. ಕನ್ನಡಕದಲ್ಲಿ ಅವಳ ಕರೀ ಕೋಟು ಮೊದಲ ಸಲ ಸರಿಯಾಗಿ ಕಂಡಿತು. ಮೂರು ಗುಂಡಿ. ಎರಡು ಕಪ್ಪು, ನಡುವಿನದು ಹುಣಸೆಬೀಜದ ಬಣ್ಣ. ಕೋಟು ಹೊಸದಿದ್ದಾಗಲೇ ಕಿತ್ತುಹೋದ ಗುಂಡಿಯ ಜಾಗಕ್ಕೆ ಬೇರೊಂದನ್ನು ಹುಡುಕಿ, 'ನೋಡು, ಹೆಂಗ ಹೊಂದೈತಿ' ಎಂದು ಹೊಲಿದುಕೊಟ್ಟವಳು ನಾನೇ.

"ಯಾಕಲೇ ಹೇಳಲಿಲ್ಲ?"

"ಹದ್ದಿನ ಕಣ್ಣಿಗೆ ನಾ ಏನ್ ಹೇಳ್ಲಿ ಅಜ್ಜಿ?" ಎಂದು ನಗುತ್ತ ಬಸ್ಸಿಗೆ ಓಡಿದಳು.

ಒಂದು ವರ್ಷದಿಂದ ಸಾಕ್ಷಿಯನ್ನು ಎದೆಯ ಮೇಲೇ ಹಾಕಿಕೊಂಡು ತಿರುಗಿದವಳಿಗೆ, ನನ್ನನ್ನು ಕಟಕಟೆಯಲ್ಲಿ ಸೋಲಿಸುವುದು ಒಂದು ಕಷ್ಟವೆ?