ಐದನೇ ಪುಟ ಯಾರ ಹತ್ತಿರ ಇದೆ?

ಮನೆಮನೆಗೆ ಇಂಟರ್ನೆಟ್ ಇನ್ನೂ ಬಾರದಿದ್ದ ಕಾಲ. ಅದನ್ನು ಮಾರುವುದೇ ನನ್ನ ಕೆಲಸ. ಮರಾಠಿ ಸೀಮೆಯ ಪಿಂಪ್ರಿಯಲ್ಲಿದ್ದ ಶೆಟ್ಟರ ಹೋಟೆಲಿಗೆ ಕನ್ನಡ ಪೇಪರ್ ಹುಬ್ಬಳ್ಳಿ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುತ್ತಿತ್ತು. ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗಬೇಕು? ಕಂಪ್ಯೂಟರ್ ಹೊತ್ತುಕೊಂಡೇ ಹೋದೆ. ಗಲ್ಲಾದ ಪಕ್ಕ ಇಟ್ಟು, ಹೋಟೆಲಿನ ಫೋನಿಗೆ ಜೋಡಿಸಿ, ಇವತ್ತಿನ ಪೇಪರನ್ನು ಇವತ್ತೇ ತೆರೆದು ತೋರಿಸಿದೆ.

ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ಪರದೆಗೆ ಮುತ್ತಿಗೆ ಹಾಕಿದರು.

"ಕೆಳಗ ಸರಸ್ರಿ."

"ತಡೀರಿ, ಇನ್ನೂ ಓದಾಕತ್ತೀನಿ."

"ಮೊದಲ ಕ್ರಿಕೆಟ್ ಹಚ್ರಿ!"

ಜಗಳ ಕಾವೇರಿತು, ಚಹಾ ಆರಿತು. ಕೊನೆಗೆ ಶೆಟ್ಟರು ನಿನ್ನೆಯ ಪೇಪರನ್ನು ಹಾಳೆಹಾಳೆಯಾಗಿ ಬಿಡಿಸಿ ಟೇಬಲ್ಲಿಗೊಂದರಂತೆ ಹಂಚಿದರು. ಎಲ್ಲರೂ ತಣ್ಣಗೆ ಕೂತರು.

"ನಿಮ್ಮ ಇಂಟರ್ನೆಟ್ ಇಡೀ ಲೋಕಕ್ಕೆ ಸಾಕಾಗ್ತದೆ ಅಂತೀರಿ, ನನ್ನ ನಾಲ್ಕು ಟೇಬಲ್ಲಿಗೆ ಸಾಲುದಿಲ್ವಲ್ಲ ಮಾರಾಯ್ರೆ!" ಎಂದು ನಕ್ಕು, ಶೆಟ್ಟರು ನನ್ನ ಕೈಗೂ ಮೊದಲ ಪುಟ ಕೊಟ್ಟರು.

ವ್ಯಾಪಾರ ಹೋಯಿತೆಂಬ ಬೇಸರದಲ್ಲೇ ಓದತೊಡಗಿದೆ. ಸುದ್ದಿ ರಂಗೇರುವಷ್ಟರಲ್ಲಿ 'ಐದನೇ ಪುಟಕ್ಕೆ' ಎಂದಿತ್ತು. ಐದನೇ ಪುಟ ಮೂಲೆಯಲ್ಲಿ ಕೂತಿದ್ದ ಬಿಜಾಪುರದ ಗುಮಾಸ್ತರೊಬ್ಬರ ಕೈಯಲ್ಲಿತ್ತು. ಎದ್ದು ಹೋಗಿ ಕೇಳಿದೆ.

"ಕೊಡ್ತೀನಿ, ಕೂಡ್ರಿ," ಎಂದವರು ದನಿ ತಗ್ಗಿಸಿದರು. "ನಿಮ್ಮ ಇಂಟರ್ನೆಟ್ ನಮ್ಮನಿಗೆ ಹಾಕ್ತೀರೇನ್ರಿ? ಕಂಪ್ಯೂಟರ್ ಅದ. ಮನ್ಯಾಗ ಪೇಪರ್ ಬಂದರ ನಮ್ಮಾಕಿ ಕೈ ಬಿಡಂಗಿಲ್ಲ. ಆಕಿ ಅದರಾಗ ಓದಲಿ, ಪೇಪರ್ ನನಗ ಉಳೀತದ."

ಆ ತಿಂಗಳು ನಾನು ಮಾರಿದ್ದು ಅದೊಂದೇ ಕನೆಕ್ಷನ್. ಗಿರಾಕಿ ಹೇಗೆ ಸಿಕ್ಕರೆಂದು ಆಫೀಸಿನಲ್ಲಿ ಕೇಳಿದರು. ನಿನ್ನೆಯ ಪೇಪರಿನಿಂದ ಎನ್ನಲು ನಾಲಿಗೆ ಏಳಲಿಲ್ಲ.