ಹಕ್ಕಲ ಶೇಂಗಾದ ಭಿಶಿ

ಈಗ ಕಲ್ಲೋಳಿಯ ಸುತ್ತ ಎಲ್ಲಿ ನೋಡಿದರೂ ಕಬ್ಬು. ಹಕ್ಕಲ ಎಂದರೆ ಮೊಮ್ಮಕ್ಕಳಿಗೆ ಬಿಡಿಸಿ ಹೇಳಬೇಕು: ಶೇಂಗಾ ಕಿತ್ತ ಮೇಲೆ ಮಣ್ಣಿನೊಳಗೆ ಉಳಿದ ಕಾಯಿಗಳನ್ನು ಕೆದರಿ ಆರಿಸುವುದು. ನಾವು ಹುಡುಗಿಯರಾಗಿದ್ದಾಗ ನಮ್ಮ ಕೂಲಿಯ ರೊಕ್ಕ ನೇರ ಅಪ್ಪಂದಿರ ಕೈಗೆ ಹೋಗುತ್ತಿತ್ತು. ಹಕ್ಕಲ ಮಾತ್ರ ಆರಿಸಿದ ಹುಡುಗಿಯದು. ಅದನ್ನು ಯಾರೂ ಕೇಳುತ್ತಿರಲಿಲ್ಲ. ಕೇಳುವಷ್ಟು ಉಳಿಯುತ್ತಲೂ ಇರಲಿಲ್ಲ ಬಿಡಿ. ಉಡಿ ತುಂಬ ಒಯ್ದು ಅಂಗಡಿಯಲ್ಲಿ ಸುರುವಿದರೆ ಅಂಗಡಿಕಾರ ಒಂದು ಹಿಡಿ ಬತ್ತಾಸು ಕೊಡುತ್ತಿದ್ದ. ನಾವು ಅದನ್ನು ಚೀಪುತ್ತ ರಾಣಿಯರ ಹಾಗೆ ಮನೆಗೆ ಬರುತ್ತಿದ್ದೆವು.

ಈ ದೌಲತ್ತು ಬಿಡಿಸಿದವಳು ನಮ್ಮ ಓಣಿಯವಳೇ. ನಮಗಿಂತ ಎರಡು ವರ್ಷ ದೊಡ್ಡವಳು ಅಷ್ಟೇ, ಆದರೂ ಎಲ್ಲರೂ ಅಕ್ಕ ಎನ್ನುತ್ತಿದ್ದೆವು, ಅವಳ ಸಿಟ್ಟಿಗೆ ಹೆದರಿ. ಎಲ್ಲರ ಹಕ್ಕಲನ್ನೂ ಒಂದೇ ಚೀಲಕ್ಕೆ ತುಂಬಿಸಿ, ತನ್ನ ಕಾಕಾನ ಚಕ್ಕಡಿಯಲ್ಲಿ ಗೋಕಾಕದ ಸಂತೆಗೆ ಕಳಿಸಿ, ಬಂದ ರೊಕ್ಕದಲ್ಲಿ ಭಿಶಿ ಹಚ್ಚಿದಳು. ವಾರಕ್ಕೊಮ್ಮೆ ಎಲ್ಲರೂ ಸಮನಾಗಿ ಹಾಕುವುದು, ಪಾಳಿ ಬಂದವಳು ಅಷ್ಟನ್ನೂ ಒಯ್ಯುವುದು. ಪಾಳಿ ಎತ್ತಲು ತಂಬಾಕಿನ ಡಬ್ಬಿಯಲ್ಲಿ ಬಳೆಯ ಚೂರುಗಳು, ಒಬ್ಬೊಬ್ಬಳದು ಒಂದೊಂದು ಬಣ್ಣ. ಶೇಂಗಾ ಮುಗಿದ ಮೇಲೆ ಹತ್ತಿಯ ಹಕ್ಕಲ. ರಿಬ್ಬನ್ನು ಕೊಳ್ಳಬೇಡಿರೆಂದು ಅಕ್ಕ ಎಂದೂ ಅನ್ನಲಿಲ್ಲ. ಬೇರೆ ಅಂಗಡಿಯಲ್ಲಿ ದರ ಕೇಳದೆ ಕೊಂಡರೆ ಮಾತ್ರ ಮರ್ಯಾದೆ ಉಳಿಸುತ್ತಿರಲಿಲ್ಲ.

ಆ ವರ್ಷ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಬೇಕಿತ್ತು. ಹುಡುಗಿಗೆ ಇಷ್ಟು ಓದು ಸಾಕು, ಫೀ ಕಟ್ಟುವುದಿಲ್ಲ ಎಂದು ಅಪ್ಪ ಹೇಳಿಬಿಟ್ಟಿದ್ದ. ಫೀ ಕಟ್ಟಲು ಉಳಿದದ್ದು ಅದೊಂದೇ ವಾರ. ಆ ವಾರದ ಪಾಳಿ ನನಗೇ ಬರಲೆಂದು ಕಂಡ ಕಂಡ ದೇವರಿಗೆಲ್ಲ ಬೇಡಿಕೊಂಡೆ. ಬಂದದ್ದು ನನ್ನ ಗೆಳತಿಗೆ. ಅವಳಿಗೆ ಯಮಕನಮರಡಿಯ ಗಂಡು ಗೊತ್ತಾಗಿತ್ತು. ತನ್ನ ರೊಕ್ಕದಲ್ಲೇ ಒಂದು ಖಣ ಕೊಂಡು, ಕುಪ್ಪಸ ಹೊಲಿಸಿಕೊಂಡು ಗಂಡನ ಮನೆಗೆ ಹೋಗಬೇಕೆಂದು ತಿಂಗಳುಗಟ್ಟಲೆ ಹೇಳುತ್ತಿದ್ದಳು.

ನಾನು ಅಲ್ಲೇ ಕುಳಿತು ಅಳತೊಡಗಿದೆ. ಅಕ್ಕ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಅತ್ತರ ಯಾರರ ರೊಕ್ಕ ಕೊಡ್ತಾರೇನ? ಬಾಯಿ ಬಿಟ್ಟ ಕೇಳ. ಯಾವಾಗ ತಿರುಗಿ ಕೊಡ್ತಿ, ಅದನ್ನೂ ಹೇಳ."

ಕೇಳಿದೆ. ಈಗ ನಿನ್ನ ಪಾಳಿ ನನಗೆ ಕೊಡು, ನನ್ನದು ಬಂದಾಗ ನೀನು ತಗೋ ಎಂದೆ. ಗೆಳತಿ ಕೈಯೊಳಗಿನ ರೊಕ್ಕವನ್ನು ಇನ್ನೊಮ್ಮೆ ಎಣಿಸಿ ನನ್ನ ಉಡಿಗೆ ಹಾಕಿದಳು. ಭಿಶಿಗೆ ತಾನು ಹಾಕಬೇಕಾದದ್ದನ್ನು ಮದುವೆಗೆ ಮುಂಚೆ ತೀರಿಸಿ, ಅವ್ವನ ಹಳೆಯ ಕುಪ್ಪಸ ತೊಟ್ಟು ಗಂಡನ ಮನೆಗೆ ಹೋದಳು. ನಾನು ಗೋಕಾಕಕ್ಕೆ ಹೋಗಿ ಪರೀಕ್ಷೆ ಬರೆದೆ.

ನನ್ನ ಪಾಳಿ ಬಂದ ಕೂಡಲೇ ಅವ್ವನ ಜೊತೆ ಬಸ್ಸು ಹತ್ತಿ ಯಮಕನಮರಡಿಗೆ ಹೋದೆ. ಗೆಳತಿ ಚಹಾ ಕೊಟ್ಟಳು, ಊರಿನವರನ್ನೆಲ್ಲ ಕೇಳಿದಳು. ಅವಳ ಅತ್ತೆ ಅವ್ವನೊಡನೆ ಪಡಸಾಲೆಯಲ್ಲಿ ಮಾತಾಡುತ್ತಿದ್ದಳು. ಹಿತ್ತಲಿಗೆ ಹೋದಾಗ ರೊಕ್ಕದ ಗಂಟು ತೆಗೆದು ಅವಳ ಕೈಗೆ ಕೊಟ್ಟೆ, ಇನ್ನಾದರೂ ಖಣ ತಗೋ ಎಂದೆ. ಅವಳು ಗಂಟನ್ನು ತಿರುಗಿ ನನ್ನ ಕೈಯಲ್ಲೇ ಇಟ್ಟು, ಬೆರಳು ಮಡಚಿದಳು.

"ಇಲ್ಲಿಟ್ರ ಸಂಜಿಗೆ ನಮ್ಮ ಅತ್ತಿ ಪೆಟಗಿ ಸೇರತೈತಿ. ಮತ್ತ ಭಿಶಿ ಹಚ್ಚಿದ್ರ ನನ್ನ ಪಾಲಂತ ಹಾಕ. ಊರಾಗ ನಂದು ಅನ್ನೂದು ಒಂದರ ಇರ್ಲೆವಾ."

ಬಸ್ಸಿನಲ್ಲಿ ಬರುವಾಗ ನನಗೆ ಅಳು ತಡೆಯಲಾಗಲಿಲ್ಲ. ಪಾಸಾದ ಹುಡುಗಿ ಯಾಕೆ ಅಳುತ್ತಾಳೆಂದು ಅವ್ವನಿಗೆ ತಿಳಿಯಲಿಲ್ಲ. ಮುಂದಿನ ಸುಗ್ಗಿಯಲ್ಲಿ ಅಕ್ಕ ಹೊಸ ಭಿಶಿ ಹಚ್ಚಿದಾಗ, ನಾನು ಎಲ್ಲರಿಗಿಂತ ಮೊದಲು ಹಾಕಿದ ಪಾಲು ಯಮಕನಮರಡಿಯಲ್ಲಿದ್ದವಳದು.