ಫೆರೆಟ್‌ಗಳಿಗೆ ಶಾಂತಕ್ಕನ ಉಪಾಯ

ಹುಟ್ಟಿದಾಗಿಂದ ಒಂದು ಮೊಟ್ಟೆ ಕೂಡ ಒಡೆಯದ ನಾನು ಈ ಪರದೇಶದಲ್ಲಿ, ನಾವಿರೋ ಈಸ್ಟ್‌ಗೇಟ್‌ನ ಅಂಗಡಿಯೊಂದರಲ್ಲಿ ಹಸಿ ಚಿಕನ್ ಪ್ಯಾಕೆಟ್ ಹಿಡ್ಕೊಂಡು ನಿಂತಿದ್ದೆ. "ಏನ್ರೀ ಇದು?" ಅಂತ ಹಿಂದಿನಿಂದ ದನಿ ಬಂತು. ನೋಡಿದರೆ, ಶನಿವಾರದ ಭಜನೆಯಲ್ಲಿ ನಮ್ಮ ಜೊತೆ ಕೂರೋ ಧಾರವಾಡದ ಶಾಂತಕ್ಕ!

"ನಂಗಲ್ಲ ಶಾಂತಕ್ಕ, ಫೆರೆಟ್‌ಗೆ. ಮುಂಗುಸಿ ತರ ಇರುತ್ತೆ, ಗುಂಡ, ಪುಟ್ಟಿ ಅಂತ ಎರಡು ಸಾಕಿದೀನಿ."

"ಹೌದೇನು," ಅಂದರು, ಒಂದಿಷ್ಟೂ ನಂಬದೆ.

ಫೋನ್ ತೆಗೆದು ಫೋಟೊ ತೋರಿಸಿದೆ. ಡ್ರೈ ಫುಡ್ ಬಿಡಿಸಿ ಹಸಿ ಮಾಂಸ ಅಭ್ಯಾಸ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದನ್ನೂ, ಬೆಳಗ್ಗೆ ಹಾಕಿದ ಮಾಂಸ ಮೂಸಿ ನೋಡಿ ಎರಡೂ ಮುಖ ತಿರುಗಿಸಿದ್ದನ್ನೂ ಹೇಳಿದೆ. ಉಪವಾಸ ಅವಕ್ಕೆ ಆಗಿಬರಲ್ಲ, ಅದೇ ನನಗೆ ಹೆದರಿಕೆ.

ಶಾಂತಕ್ಕನ ಮುಖ ಸಡಿಲಾಯಿತು. "ನಮ್ಮನಿಯವ್ರೂ ಹಂಗ ನೋಡ್ರಿ. ಡಾಕ್ಟರ್ ಹೇಳ್ಯಾರಂತ ಓಟ್ಸ್ ಕೊಟ್ರ ಮುಟ್ಟಂಗಿಲ್ಲ. ಮ್ಯಾಲೆ ಶೇಂಗಾ ಚಟ್ನಿಪುಡಿ ಉದುರಿಸಿದ್ರ ಸುಮ್ನ ತಿಂತಾರ. ನೀವೂ ಆ ಹಳೇ ತಿಂಡಿ ಪುಡಿ ಮಾಡಿ ಮಾಂಸದ ಮ್ಯಾಲೆ ಉದುರಸ್ರಿ."

ಮನೆಗೆ ಬಂದು ಹಾಗೇ ಮಾಡಿದೆ. ಗುಂಡ ಮೊದಲು ಪುಡಿಯಷ್ಟೇ ನೆಕ್ಕಿದ. ಆಮೇಲೆ ಒಂದು ತುಂಡು ಕಚ್ಚಿಕೊಂಡು ಸೋಫಾ ಕೆಳಗೆ ಓಡಿದ. ಪುಟ್ಟಿಯೂ ಇನ್ನೊಂದು ಕಚ್ಚಿಕೊಂಡು ಅವನ ಹಿಂದೆಯೇ ಹೋದಳು. ಒಳಗಿಂದ ಚಪ್ಪರಿಸೋ ಸದ್ದು ಕೇಳಿದ ಮೇಲೆಯೇ ನಾನೂ ಊಟಕ್ಕೆ ತಟ್ಟೆ ಹಾಕ್ಕೊಂಡಿದ್ದು.

ಮರುದಿನ ಕಾಲ್ ಮಾಡಿ ಥ್ಯಾಂಕ್ಸ್ ಹೇಳಿದೆ. "ಭಾಳ ಚಲೋ ಆತು," ಅಂದ ಶಾಂತಕ್ಕ ಆಮೇಲೆ ದನಿ ಇಳಿಸಿದರು. "ಆ ಅಂಗಡ್ಯಾಗ ಚಿಕನ್ ಫ್ರೆಶ್ ಇರ್ತದೇನ್ರಿ? ನಮ್ಮನಿಯವ್ರೂ ಒಂದು ಫೆರೆಟ್ ಸಾಕೋಣು ಅನ್ನಾಕತ್ತಾರ."

"ಹೌದೇನು," ಅಂದೆ, ಥೇಟ್ ಅವರ ದನಿಯಲ್ಲೇ.